ಬಂಬದ ಬ್ಲೋವರ್ ರಿಪೇರಿ: ಮೋಟಾರಿನಿಂದ ಶುರುವಾಗುವ ತಪ್ಪು

ಕಟ್ಟಿಗೆ ಹಾಕಿ ನೀರು ಕಾಯಿಸುವ ತಾಮ್ರದ ಬಂಬಕ್ಕೆ ಮೂಲದಲ್ಲಿ ಬ್ಲೋವರ್ ಬೇಕಿಲ್ಲ. ನಡುವಿನ ಕೊಳವೆಯಲ್ಲಿ ಬಿಸಿ ಹೊಗೆ ಮೇಲೇರಿದಂತೆ ಕೆಳಗಿನ ಜಾಳಿಗೆಯಿಂದ ಹೊಸ ಗಾಳಿ ತಾನಾಗಿ ಒಳಬರುತ್ತದೆ. ಕೊಳವೆಯ ಸುತ್ತ ನಿಂತ ನೀರು ಆ ಶಾಖಕ್ಕೆ ಕಾಯುತ್ತದೆ. ಹುಬ್ಬಳ್ಳಿ-ಧಾರವಾಡ ರಸ್ತೆಯ ಉಣಕಲ್‌ನಂತೆ ಹಳೆಯ ಹಳ್ಳಿಯ ಸುತ್ತ ಬಡಾವಣೆಗಳು ಬೆಳೆದ ಕಡೆ ಬಚ್ಚಲು ಇಕ್ಕಟ್ಟಾಗಿ ಹೊಗೆಕೊಳವೆಗೆ ಎತ್ತರ ಸಿಗದಿದ್ದರೆ, ಅಥವಾ ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿದ್ದರೆ, ಈ ಸಹಜ ಎಳೆತ ಸಾಲುವುದಿಲ್ಲ. ಆಗ ಸಣ್ಣ ಬ್ಲೋವರ್ ನಿಜಕ್ಕೂ ಉಪಕಾರಿ. ತಕರಾರಿರುವುದು ಅದು ಕೆಟ್ಟಾಗ ನಡೆಯುವ ರಿಪೇರಿಯ ರೂಢಿಯ ಬಗ್ಗೆ. ಮೊದಲು ಬಿಚ್ಚುವುದು ಮೋಟಾರನ್ನು, ಬೂದಿಯನ್ನು ನೋಡುವುದು ಕೊನೆಗೆ. ಈ ಕ್ರಮ ತಲೆಕೆಳಗಾದದ್ದು. ದುಡ್ಡನ್ನೂ ಕೆಡಿಸುತ್ತದೆ, ದೋಷವನ್ನೂ ಉಳಿಸುತ್ತದೆ.

ಫ್ಯಾನ್ ತಿರುಗುತ್ತಿದ್ದು ಬೆಂಕಿ ಮಾತ್ರ ಏಳದಿದ್ದರೆ ಮೋಟಾರಿಗೆ ಕೈ ಹಚ್ಚಬೇಕಾಗಿಲ್ಲ. ಗಾಳಿಯ ದಾರಿಯನ್ನು ನೋಡಬೇಕು. ಬೂದಿ ಗುಂಡಿ ತುಂಬಿ ಜಾಳಿಗೆಗೆ ತಾಗಿರಬಹುದು, ಗಾಳಿ ಒಳಹೋಗುವ ಬಾಯಿಯ ಜಾಲರಿಯಲ್ಲಿ ಜೇಡರ ಬಲೆ ಕಟ್ಟಿರಬಹುದು. ಹತ್ತಿ ಕಟ್ಟಿಗೆ, ಶೇಂಗಾ ಸಿಪ್ಪೆಗಳ ಬೂದಿ ಹಗುರ. ಹಾರಿ ಬಂದು ರೆಕ್ಕೆಗಳ ಒಳಬಾಗಿನಲ್ಲಿ ಕೂರುತ್ತದೆ, ತೇವ ತಾಗಿ ಗಟ್ಟಿಯಾಗುತ್ತದೆ. ರೆಕ್ಕೆಯ ಬಾಗು ತುಂಬಿದರೆ ಚಕ್ರ ತಿರುಗಿಯೂ ಗಾಳಿ ತಳ್ಳುವುದಿಲ್ಲ. ಇಲ್ಲಿ ಕಿವಿ ಮೋಸ ಹೋಗುವುದುಂಟು. ಗಾಳಿಯ ಬಾಯಿ ಕಟ್ಟಿದಾಗ ಚಕ್ರದ ಮೇಲಿನ ಭಾರ ಇಳಿದು ವೇಗ ತುಸು ಏರುತ್ತದೆ, ದನಿ ತೆಳುವಾಗಿ ಮೇಲೇರುತ್ತದೆ. ಕೇಳಿದವರು ಮೋಟಾರ್ ಜೋರಾಗಿದೆ ಎಂದುಕೊಳ್ಳುತ್ತಾರೆ. ಬ್ರಷ್ ಇರುವ ಡಿಸಿ ಫ್ಯಾನಿನ ತಂತಿ ಅದಲುಬದಲಾದಾಗಲೂ ಇಂಥದೇ ಗೊಂದಲ: ಚಕ್ರ ಉಲ್ಟಾ ತಿರುಗಿದರೂ ಗಾಳಿಯನ್ನು ಚಕ್ರದ ಅಂಚಿನತ್ತ ಎಸೆಯುವ ಈ ಬಗೆಯ ಬ್ಲೋವರಿನಲ್ಲಿ ಗಾಳಿ ಅದೇ ಬಾಯಿಂದ ಬರುತ್ತದೆ, ಆದರೆ ಬಹಳ ಕಡಿಮೆ. ಕವಚದ ಮೇಲಿನ ಬಾಣದ ಗುರುತಿಗೂ ತಿರುಗುವ ದಿಕ್ಕಿಗೂ ಹೊಂದುತ್ತದೆಯೇ ಎಂದು ನೋಡಿದರೆ ಸಂಶಯ ಮುಗಿಯಿತು.

ಫ್ಯಾನ್ ಗುಂಯ್‌ಗುಡುತ್ತಿದ್ದು ತಿರುಗದಿದ್ದರೆ ಪ್ಲಗ್ ಕಿತ್ತು ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಬಿಗಿಯಾಗಿದ್ದರೆ ಬುಷ್ ಒಣಗಿದೆ, ಇಲ್ಲವೇ ಬೂದಿ ಸಿಕ್ಕಿಕೊಂಡಿದೆ. ತೆಗೆದು ಒರೆಸಿ ಎಣ್ಣೆ ಬಿಡುವುದೇ ರಿಪೇರಿ. ಸಲೀಸಾಗಿ ತಿರುಗಿದರೆ ಸಂಶಯ ಕಂಡೆನ್ಸರ್ ಮೇಲೆ. ಇದು ಕಂಡೆನ್ಸರ್ ಇರುವ ಮೋಟಾರುಗಳ ಮಾತು. ತೀರ ಸಣ್ಣ ಮೋಟಾರುಗಳಲ್ಲಿ ಅದು ಇರುವುದೇ ಇಲ್ಲ. ಇಲ್ಲೇ ಕೆಟ್ಟ ರೂಢಿಯೊಂದು ಬೇರೂರಿದೆ. ಸೀಲಿಂಗ್ ಫ್ಯಾನಿಗೆಂದು ಕೈಗೆ ಸಿಗುವ 2.5 ಮೈಕ್ರೋಫ್ಯಾರಡ್ ಕಂಡೆನ್ಸರನ್ನೇ ಎಲ್ಲದಕ್ಕೂ ಹಾಕುವುದು. ಮೈಕ್ರೋಫ್ಯಾರಡ್ ಅಂಕಿ ಹೊಂದದಿದ್ದರೆ ಮೋಟಾರ್ ತಿರುಗಬಹುದು, ಆದರೆ ವೈಂಡಿಂಗ್ ಕಾಯ್ದು ಸುಟ್ಟುಹೋಗಬಹುದು. ಹಳೆಯದರ ಮೇಲೆ ಅಚ್ಚಾದ ಅಂಕಿಯನ್ನು ಓದಿ ಅದನ್ನೇ ತರಬೇಕು, ಮುಟ್ಟುವ ಮುನ್ನ ಉಳಿದ ವಿದ್ಯುತ್ತನ್ನು ಇಳಿಸಬೇಕು. ಸದ್ದೂ ಇಲ್ಲ, ತಿರುಗುವುದೂ ಇಲ್ಲ ಎಂದಾದರೆ ಪ್ಲಗ್, ಸ್ವಿಚ್, ಬಿಸಿ ತಗಡಿಗೆ ತಾಗಿ ಕರಗಿದ ವಯರ್ ಇವುಗಳಲ್ಲಿ ಒಂದು ಕಾರಣ, ಮೋಟಾರ್ ಆಮೇಲೆ.

ಸ್ವಲ್ಪ ಹೊತ್ತು ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುವ ಬ್ಲೋವರ್ ಬೇರೆ ಮಾತು ಹೇಳುತ್ತದೆ. ಒಳಗಿನ ಶಾಖರಕ್ಷಕ ತನ್ನ ಕೆಲಸ ಮಾಡುತ್ತಿದೆ. ಅದನ್ನು ಶಾರ್ಟ್ ಮಾಡಿ ಓಡಿಸುವುದು ಅಪಾಯ; ಬ್ಲೋವರನ್ನು ಬಂಬದಿಂದ ದೂರ ಸರಿಸಿ, ನಡುವೆ ಲೋಹದ ಪೈಪ್ ಹಾಕುವುದು ಮದ್ದು. ಕರೆಂಟ್ ಹೋದಾಗ ಬಿಸಿ ಗಾಳಿ ಹಿಂದೆ ನುಗ್ಗದಂತೆ ಪೈಪಿನ ಬಾಯಿಗೆ ತಾನಾಗಿ ಬೀಳುವ ಮುಚ್ಚಳವೂ ಇರಬೇಕು.

ರಿಪೇರಿಯವರು ಹೆಚ್ಚಾಗಿ ಕಣ್ಣು ಹಾಯಿಸದ ವಿಷಯ ಇನ್ನೊಂದಿದೆ. ಒದ್ದೆ ಬಚ್ಚಲಿನಲ್ಲಿ ನೀರು ತುಂಬಿದ ತಾಮ್ರದ ಪಾತ್ರೆಗೆ 230 ವೋಲ್ಟಿನ ಯಂತ್ರ ತಾಗಿಕೊಂಡಿದೆ. ಅರ್ಥಿಂಗ್ ಸರಿಯಿದೆಯೇ, ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಕೇಳದ ರಿಪೇರಿ ಅರ್ಧ ರಿಪೇರಿ. 12 ವೋಲ್ಟಿನ ಫ್ಯಾನ್ ಹಾಕಿ ಅದರ ಅಡಾಪ್ಟರನ್ನು ಬಚ್ಚಲಿನ ಹೊರಗಿಡುವುದು ಎಲ್ಲಕ್ಕಿಂತ ಮೇಲು. ಹೊಗೆಯ ಅಪಾಯವೂ ಇದೆ: ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಹೊರಹೋಗುವ ದಾರಿಯಿಲ್ಲದೆ ಗಾಳಿ ತಳ್ಳಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಕುತ್ತು.

ಬ್ಲೋವರಿನ ಬೆಲೆ ಕಟ್ಟಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡು ಒಲೆಗಳನ್ನು ಪಕ್ಕಪಕ್ಕ ಇಡಬಹುದು. ಎಚ್. ಎಸ್. ಮುಕುಂದ ಅವರ ತಂಡದ ತಂತ್ರಜ್ಞಾನದಿಂದ ರೂಪುಗೊಂಡ ಊರ್ಜಾ ಒಲೆಯಲ್ಲಿ ಚಾರ್ಜ್ ಮಾಡುವ ಬ್ಯಾಟರಿಯ ಪುಟ್ಟ ಫ್ಯಾನ್ ಗಾಳಿ ಊದುತ್ತದೆ. ಬೆಂಕಿ ಸ್ವಚ್ಛ, ಉರುವಲಿನ ಉಳಿತಾಯವೂ ಉಂಟು, ಆದರೆ ಒಲೆಯ ಗುಣವೆಲ್ಲ ಆ ಫ್ಯಾನಿನ ಮೇಲೆ ನಿಂತಿದೆ. ಅದಕ್ಕೂ ಹಿಂದಿನ ಅಸ್ತ್ರ ಒಲೆ ಚಿಮಣಿ ಮತ್ತು ಅಳತೆಗಳಿಂದಲೇ ಎಳೆತ ಪಡೆಯುತ್ತದೆ. ಅದರಲ್ಲಿ ಕೆಡಲು ಮೋಟಾರೇ ಇಲ್ಲ. ಬಂಬಕ್ಕೆ ಎರಡನೆಯ ಗುಣ ಹುಟ್ಟಿನಿಂದಲೇ ಬಂದಿದೆ. ಬ್ಲೋವರ್ ಕೂಡಿಸುವಾಗ ಬೂದಿ ಬಾಗಿಲನ್ನು ಕಾಯಂ ಬೆಸುಗೆ ಹಾಕಿ ಮುಚ್ಚುವುದು ಈ ಗುಣವನ್ನೇ ಕೊಲ್ಲುವ ಕೆಲಸ. ಆ ಬಾಗಿಲು ತೆರೆಯುವಂತಿದ್ದರೆ, ಬ್ಲೋವರ್ ಬಿಚ್ಚಿಟ್ಟ ದಿನವೂ ಒಣ ಕಟ್ಟಿಗೆಯಲ್ಲಿ ನೀರು ಕಾಯುತ್ತದೆ, ರಿಪೇರಿಗೂ ಅವಸರವಿರುವುದಿಲ್ಲ.