ಅಧ್ಯಾಪಕರ ಪದೋನ್ನತಿ ನಿಯಮಗಳ ಲಕ್ಷಣವಿಚಾರ

ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು ೨೦೧೮ನೆಯ ಇಸವಿ ಜುಲೈ ತಿಂಗಳಲ್ಲಿ ಪ್ರಕಟಿಸಿದ ನಿಯಮಾವಳಿಯು ವಾಚಕ ಮಹಾಶಯರಲ್ಲಿ ಬಹುಮಂದಿಗೆ ಪರಿಚಿತವಾದುದೇ. ಅಧ್ಯಾಪಕರ ನೇಮಕಕ್ಕೂ ಪದೋನ್ನತಿಗೂ ಬೇಕಾದ ಕನಿಷ್ಠ ಅರ್ಹತೆಗಳನ್ನು ವಿಧಿಸುವುದು ಅದರ ಪ್ರಯೋಜನ. ಅದರಲ್ಲಿ ವಿಧಿಯುಂಟು, ನಿಷೇಧವುಂಟು, ಪರಿಭಾಷೆಯುಂಟು, ಅಪವಾದವುಂಟು; ಶಾಸ್ತ್ರಗ್ರಂಥಕ್ಕೆ ಇರಬೇಕಾದ ಅವಯವಗಳೆಲ್ಲವೂ ಇರುವುವು. ಇಷ್ಟು ಮಂದಿ ವಿದ್ವಾಂಸರ ಜೀವನವನ್ನು ನಿಯಮಿಸುವ ಗ್ರಂಥವನ್ನು ಕಚೇರಿಯ ಕಾಗದವೆಂದು ಬದಿಗಿಡದೆ ಶಾಸ್ತ್ರದಂತೆಯೇ ಪರೀಕ್ಷಿಸುವುದು ಯುಕ್ತವೆಂದು ತೋರಿ ಈ ಲೇಖನವನ್ನು ಬರೆದಿರುವೆನು. ವಿದ್ವಾಂಸನೆಂದರೆ ಯಾರು ಎಂಬ ಪ್ರಶ್ನೆಗೆ ಈ ಗ್ರಂಥವು ಕೊಡುವ ಲಕ್ಷಣವು ನಿರ್ದುಷ್ಟವಾದುದೇ ಎಂಬುದು ಇಲ್ಲಿಯ ವಿಚಾರ.

ಮೊದಲು ಗ್ರಂಥದ ಅಭಿಪ್ರಾಯವನ್ನು ಸಂಗ್ರಹಿಸುವೆನು. ೨೦೧೦ರ ನಿಯಮಾವಳಿಯಲ್ಲಿ ಅಧ್ಯಾಪಕನ ಕೆಲಸಗಳಿಗೆ ಅಂಕವಿಡುವ ಎ.ಪಿ.ಐ. ಎಂಬ ಪದ್ಧತಿಯು ಬಂದಿತು. ೨೦೧೮ರಲ್ಲಿ ಅದನ್ನು ಸರಳಗೊಳಿಸಿ, ಬೋಧನೆಗೊಂದು, ಸಂಶೋಧನೆಗೊಂದು ಕೋಷ್ಟಕವನ್ನು ಎರಡನೆಯ ಅನುಬಂಧದಲ್ಲಿ ಇರಿಸಿದರು. ಭಾಷಾಶಾಸ್ತ್ರ, ಮಾನವಿಕ ಮೊದಲಾದ ವಿಭಾಗಗಳಲ್ಲಿ ಪ್ರಬಂಧವೊಂದಕ್ಕೆ ೧೦ ಅಂಕಗಳು. ಅಂತರರಾಷ್ಟ್ರೀಯ ಪ್ರಕಾಶಕರು ಹೊರತಂದ ಸ್ವತಂತ್ರ ಗ್ರಂಥಕ್ಕೆ ೧೨, ದೇಶೀಯ ಪ್ರಕಾಶಕರಾದರೆ ೧೦. ಸಂಪಾದಿತ ಗ್ರಂಥಕ್ಕೆ ಕ್ರಮವಾಗಿ ೧೦ ಮತ್ತು ೮. ಅನುವಾದಿತ ಗ್ರಂಥಕ್ಕೆ ೮. ಸಹಪ್ರಾಧ್ಯಾಪಕನು ಪದೋನ್ನತಿಯಿಂದ ಪ್ರಾಧ್ಯಾಪಕನಾಗಬೇಕಾದರೆ ೧೦ ಪ್ರಬಂಧಗಳೂ ಒಟ್ಟು ೧೧೦ ಸಂಶೋಧನಾಂಕಗಳೂ ಬೇಕು. ಅನಂತರ ತಜ್ಞರ ಸಮಿತಿಯುಂಟು, ದಿಟ. ಆದರೆ ಈ ಸಂಖ್ಯೆಯನ್ನು ಮುಟ್ಟದವನು ಆ ಸಮಿತಿಯ ಬಾಗಿಲನ್ನೇ ಕಾಣಲಾರನು.

ಲಕ್ಷಣಕ್ಕೆ ಮೂರು ದೋಷಗಳೆಂದು ತರ್ಕಶಾಸ್ತ್ರದ ಬಾಲಪಾಠದಲ್ಲಿಯೇ ಕಲಿತಿರುವೆವು. ಲಕ್ಷ್ಯದ ಒಂದು ಭಾಗವನ್ನು ಬಿಟ್ಟುಬಿಡುವುದು ಅವ್ಯಾಪ್ತಿ. ಲಕ್ಷ್ಯವಲ್ಲದುದನ್ನೂ ಒಳಗೊಳ್ಳುವುದು ಅತಿವ್ಯಾಪ್ತಿ. ಲಕ್ಷ್ಯದಲ್ಲಿ ಎಲ್ಲಿಯೂ ಇಲ್ಲದ ಧರ್ಮವನ್ನು ಹೇಳುವುದು ಅಸಂಭವ. ಈ ಮೂರನ್ನೂ ಪ್ರಕೃತ ಗ್ರಂಥದಲ್ಲಿ ಕ್ರಮವಾಗಿ ನೋಡೋಣ.

ಅವ್ಯಾಪ್ತಿಗೆ ದೂರ ಹುಡುಕಬೇಕಾಗಿಲ್ಲ. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು ೧೯೨೭ರಲ್ಲಿ ನಿವೃತ್ತರಾದರು. ಭಾರತೀಯ ದರ್ಶನಗಳ ಮೇಲಿನ ಅವರ ಪ್ರಸಿದ್ಧ ಆಂಗ್ಲ ಗ್ರಂಥವು ಲಂಡನ್ನಿನಲ್ಲಿ ೧೯೩೨ರಲ್ಲಿ ಪ್ರಕಟವಾಯಿತು. ಜೀವಮಾನದ ಅಧ್ಯಯನವು ಪಕ್ವವಾಗಿ ಹೊರಬರುವ ಕಾಲಕ್ಕೂ ಪದೋನ್ನತಿಯ ಅವಧಿಗೂ ಹೊಂದಿಕೆಯಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದೇ ನಿದರ್ಶನ. ಆ ಗ್ರಂಥವು ಅವಧಿಯೊಳಗೇ ಬಂದಿತ್ತೆಂದು ಭಾವಿಸಿದರೂ ಕೋಷ್ಟಕದಂತೆ ಅದಕ್ಕೆ ಸಲ್ಲುವುದು ೧೨ ಅಂಕ. ಸಾಮಾನ್ಯವಾದ ಎರಡು ಪ್ರಬಂಧಗಳಿಗೆ ೨೦. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯದ ನಡೆಯನ್ನೇ ಬದಲಿಸಿತೆಂಬುದು ಸರ್ವಸಮ್ಮತವಾದ ಮಾತು. ಅನುವಾದವಾದುದರಿಂದ ಅದಕ್ಕೆ ೮. ಪರಿಷತ್ತಿನ ಕನ್ನಡ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಾಗಿ ಹೊರಬಂದಿತು. ನಿಘಂಟುಕಾರ್ಯಕ್ಕೆಂದೇ ಆದ ಒಂದು ಸಾಲು ಈ ಕೋಷ್ಟಕದಲ್ಲಿ ಇಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಬಾಧಿಸುವುದು ಗ್ರಂಥಸಂಪಾದನೆಯ ವಿಷಯ. ಹತ್ತು ಮಂದಿಯ ಲೇಖನಗಳನ್ನು ಕೂಡಿಸಿ ಮುನ್ನುಡಿ ಬರೆಯುವವನೂ ಸಂಪಾದಕ. ಸವೆದ ಓಲೆಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿ, ಪ್ರಕ್ಷಿಪ್ತಗಳನ್ನು ಬೇರ್ಪಡಿಸಿ, ಹಳೆಯ ಕಾವ್ಯವೊಂದಕ್ಕೆ ಶುದ್ಧಪಾಠವನ್ನು ಕೊಡುವವನೂ ಸಂಪಾದಕ. ಶಬ್ದವೊಂದೇ ಆದುದರಿಂದ ಅಂಕವೂ ಒಂದೇ ಆಯಿತು. ನಾನಾರ್ಥಪದವನ್ನು ಏಕಾರ್ಥವೆಂದು ಗ್ರಹಿಸಿದ ಈ ಭ್ರಾಂತಿಯ ಫಲವು ಲಘುವಾದುದಲ್ಲ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಪರಿಶೀಲನೆಯಲ್ಲಿ ನಾನೂ ಕುಳಿತಿದ್ದೆನು. ಒಬ್ಬರು ಐದು ಓಲೆಯ ಪ್ರತಿಗಳನ್ನು ಹೋಲಿಸಿ ಒಂಬತ್ತು ವರ್ಷ ದುಡಿದು ಒಂದು ಗ್ರಂಥವನ್ನು ಸಿದ್ಧಪಡಿಸಿದ್ದರು. ಅದಕ್ಕೆ ೮ ಅಂಕವನ್ನು ಬರೆದೆವು. ಅವರಿಗೆ ಒಟ್ಟಿನಲ್ಲಿ ಕೆಲವೇ ಅಂಕಗಳು ಕಡಮೆಯಾದುವು. ಗ್ರಂಥದ ಯೋಗ್ಯತೆಯನ್ನು ಆ ಮೇಜಿನ ಬಳಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನಾಗಿದ್ದ ನಾನೂ ಆ ಹಾಳೆಗೆ ಸಹಿ ಹಾಕಿದೆನು. ಅನಂತರ ಅವರು ಎರಡನೆಯ ಗ್ರಂಥಕ್ಕೆ ಕೈಯಿಡಲಿಲ್ಲ, ಪ್ರಬಂಧಗಳನ್ನು ಬರೆಯತೊಡಗಿದರು. ಆ ಓಲೆಗಳನ್ನು ಓದಬಲ್ಲವರು ಅವರ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ.

ಇನ್ನು ಅತಿವ್ಯಾಪ್ತಿ. ಪ್ರಬಂಧಕ್ಕೆ ಅಂಕವೆಂದು ವಿಧಿಸಿದೊಡನೆ ಪ್ರಬಂಧವನ್ನು ಅಚ್ಚು ಹಾಕಿಕೊಡುವ ವ್ಯಾಪಾರವೂ ಹುಟ್ಟಿತು. ಆಯೋಗವು ೨೦೧೭ರಲ್ಲಿ ತಾನೇ ಅಂಗೀಕರಿಸಿದ ನಿಯತಕಾಲಿಕಗಳ ಪಟ್ಟಿಯಿಂದ ೨೦೧೮ರ ಮೇ ತಿಂಗಳಲ್ಲಿ ೪,೩೦೫ನ್ನು ತೆಗೆದುಹಾಕಬೇಕಾಯಿತು. ಅನಂತರ ಕೇರ್ ಎಂಬ ಹೊಸ ಪಟ್ಟಿಯು ೨೦೧೯ರಲ್ಲಿ ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದುದಾಗಿ ಪ್ರಕಟಿಸಿದರು. ಪಟ್ಟಿಯಲ್ಲಿ ಇರುವುದೇ ಯೋಗ್ಯತೆಯ ಚಿಹ್ನೆಯಾದರೆ, ಪಟ್ಟಿಯು ಅಳಿದಾಗ ಯೋಗ್ಯತೆಗೆ ಏನಾಯಿತು? ಬೋಧನೆಯ ಕೋಷ್ಟಕದಲ್ಲಿಯೂ ಇದೇ ದೋಷ. ಅಲ್ಲಿ ಅಳೆಯುವುದು ವಹಿಸಿದ ತರಗತಿಗಳಲ್ಲಿ ಎಷ್ಟನ್ನು ನಡೆಸಿದನು ಎಂಬುದನ್ನು: ನೂರಕ್ಕೆ ೮೦ ಅಥವಾ ಅದಕ್ಕಿಂತ ಹೆಚ್ಚಾದರೆ ಉತ್ತಮ, ೭೦ಕ್ಕೆ ಕಡಮೆಯಿಲ್ಲದಿದ್ದರೆ ತೃಪ್ತಿಕರ. ತರಗತಿಗೆ ಬರುವುದು ಅಧ್ಯಾಪಕನಿಗೆ ಆವಶ್ಯಕವೇ. ಆದರೆ ಪಾಠ ಹೇಳಲು ಬಾರದವನೂ ತಪ್ಪದೆ ಬರಬಲ್ಲನಷ್ಟೆ. ವಿದ್ಯೆಯು ಕಲಿಯುವಾಗ, ಮನನ ಮಾಡುವಾಗ, ಪ್ರವಚನ ಮಾಡುವಾಗ, ವ್ಯವಹಾರಕ್ಕೆ ತರುವಾಗ ಎಂಬ ನಾಲ್ಕು ಬಗೆಯಿಂದ ಸಾರ್ಥಕವಾಗುವುದೆಂದು ಮಹಾಭಾಷ್ಯಕಾರನ ಅಭಿಪ್ರಾಯ. ಮೂರನೆಯದಾದ ಪ್ರವಚನವು ಇಲ್ಲಿ ಹಾಜರಿಯ ಪುಸ್ತಕವಾಗಿ ಪರಿಣಮಿಸಿದೆ.

ಅಸಂಭವಕ್ಕೆ ಉದಾಹರಣೆಯು ಪ್ರಭಾವಾಂಕ. ಕೋಷ್ಟಕವು ಪ್ರಬಂಧದ ಅಂಕಗಳನ್ನು ಪತ್ರಿಕೆಯ ಪ್ರಭಾವಾಂಕಕ್ಕೆ ತಕ್ಕಂತೆ ಏರಿಸುತ್ತ, ಅದು ಹತ್ತನ್ನು ಮೀರಿದರೆ ೩೦ ಅಂಕಗಳನ್ನು ಕೊಡುವುದು. ಯೂಜೀನ್ ಗಾರ್‌ಫೀಲ್ಡ್ ಮೊದಲಾದವರು ಈ ಎಣಿಕೆಯನ್ನು ಕಲ್ಪಿಸಿದುದು ಪತ್ರಿಕೆಗಳನ್ನು ಪರಸ್ಪರ ಹೋಲಿಸುವುದಕ್ಕಾಗಿ. ಅದು ಪತ್ರಿಕೆಯಲ್ಲಿರುವ ಧರ್ಮ. ಅದರಲ್ಲಿ ಅಚ್ಚಾದ ಒಂದೊಂದು ಪ್ರಬಂಧದಲ್ಲಿರುವ ಧರ್ಮವಲ್ಲ. ಒಂದು ಆಶ್ರಯದ ಗುಣವನ್ನು ಬೇರೊಂದಕ್ಕೆ ಹೇಳುವುದು ಹಡಗಿನ ವೇಗವನ್ನು ಅದರಲ್ಲಿ ಕುಳಿತವನ ಕಾಲಿಗೆ ಆರೋಪಿಸಿದಂತೆ. ಪ್ರತ್ಯೇಕ ವಿದ್ವಾಂಸನ ಯೋಗ್ಯತೆಗೆ ಇದನ್ನು ಪ್ರಮಾಣವಾಗಿ ಬಳಸಬಾರದೆಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ೨೦೧೨ರಲ್ಲಿ ಸೇರಿದ ವಿಜ್ಞಾನಿಗಳೇ ಘೋಷಿಸಿರುವರು. ನಮ್ಮ ನಿಯಮಾವಳಿಯು ಆರು ವರ್ಷಗಳ ಬಳಿಕ ಅದನ್ನು ಎತ್ತಿಕೊಂಡಿತು. ಅದರಲ್ಲಿಯೂ, ೨೦೧೬ರಲ್ಲಿಯೇ ಬೇರೆಯವರ ಕೈಸೇರಿದ್ದ ಆ ಪಟ್ಟಿಯನ್ನು ಹಳೆಯ ಒಡೆಯರಾದ ಥಾಮ್ಸನ್ ರಾಯಿಟರ್ಸ್ ಹೆಸರಿನಿಂದಲೇ ಕರೆಯಿತು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸುವನು: “ದೋಷಗಳಿರಲಿ, ಅಂಕವಿಲ್ಲದಿದ್ದ ಕಾಲದಲ್ಲಿ ನಡೆದುದೇನು? ಬಾಂಧವ್ಯ, ಜಾತಿ, ದಾಕ್ಷಿಣ್ಯ, ಅಧಿಕಾರಿಗಳ ಮನೆಯ ಬಾಗಿಲು. ಸಂಖ್ಯೆಗೆ ಮುಖ ನೋಡುವ ಕಣ್ಣಿಲ್ಲ. ಹಿಂದುಳಿದ ಊರಿನಿಂದ ಬಂದು ಯಾರ ಆಸರೆಯೂ ಇಲ್ಲದ ಅಧ್ಯಾಪಕನಿಗೆ ಅದೇ ರಕ್ಷೆ.” ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ರಾಜಶೇಖರನು ಉಜ್ಜಯಿನಿಯ ಕಾವ್ಯಪರೀಕ್ಷೆಯನ್ನೂ ಪಾಟಲಿಪುತ್ರದ ಶಾಸ್ತ್ರಪರೀಕ್ಷೆಯನ್ನೂ ಕೊಂಡಾಡಿರುವನೆಂದು ಹೇಳಿ ನಾವು ತೃಪ್ತರಾಗುವುದು ಸುಲಭ. ಆದರೆ ಮಾಲವಿಕಾಗ್ನಿಮಿತ್ರದ ಪರೀಕ್ಷೆಯನ್ನೂ ನೆನೆಯಬೇಕು. ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಲ್ಲಿ ಯಾರು ಮೇಲೆಂದು ನಿರ್ಣಯಿಸುವಾಗ ಪರಿವ್ರಾಜಿಕೆಯಾದ ಕೌಶಿಕಿಯು ಸ್ವಂತ ನೈಪುಣ್ಯವೂ ಶಿಷ್ಯರಿಗೆ ಕಲಿಸುವ ಶಕ್ತಿಯೂ ಕೂಡಿದವನೇ ಶ್ರೇಷ್ಠನೆಂಬ ಅರ್ಥದ ಮಾತನ್ನಾಡುವಳು. ಮಾನದಂಡವು ಅತ್ಯುತ್ತಮವಾದುದು. ಆದರೆ ಆ ಪರೀಕ್ಷೆಯೇ ರಾಜನಿಗೆ ಮಾಲವಿಕೆಯನ್ನು ತೋರಿಸಲು ವಿದೂಷಕನು ಹೂಡಿದ ಉಪಾಯ! ಮಾನದಂಡವು ಶುದ್ಧವಾಗಿದ್ದರೂ ಸಭೆಯು ಶುದ್ಧವಾಗಿರುವುದೆಂಬ ಭರವಸೆಯಿಲ್ಲವೆಂಬುದನ್ನು ಕಾಳಿದಾಸನು ಬಲ್ಲನು.

ಆದುದರಿಂದ ಸಿದ್ಧಾಂತವು ಎರಡನ್ನೂ ಗಮನಿಸಬೇಕು. ಅಂಕವು ಪಕ್ಷಪಾತವನ್ನು ನಿವಾರಿಸಲಿಲ್ಲ. ಅದನ್ನು ಸಮಿತಿಯ ಕೊಠಡಿಯಿಂದ ಅಚ್ಚಿನ ಮಾರುಕಟ್ಟೆಗೆ ಸಾಗಿಸಿತು. ಪಕ್ಷಪಾತಕ್ಕೆ ನಿಜವಾದ ಪ್ರತಿಬಂಧಕವು ಕಾರಣಸಹಿತವಾದ ಲಿಖಿತ ನಿರ್ಣಯ. ವಾಕ್ಯಾರ್ಥಸಭೆಯಲ್ಲಿ ಪಂಡಿತನು ಬರಿದೆ ‘ಒಪ್ಪಿದೆ’, ‘ಒಪ್ಪಲಿಲ್ಲ’ ಎನ್ನುವಂತಿಲ್ಲ. ಹೇತುವನ್ನು ಹೇಳಬೇಕು, ಅದನ್ನು ಎದುರಾಳಿಯು ಖಂಡಿಸಬಹುದು. ಇದರಂತೆ ಅಭ್ಯರ್ಥಿಯು ತನ್ನ ಶ್ರೇಷ್ಠವಾದ ಮೂರು ಕೃತಿಗಳನ್ನು ಒಪ್ಪಿಸಲಿ; ಹೊರಗಿನ ಇಬ್ಬರು ವಿದ್ವಾಂಸರು ಅವನ್ನು ಪೂರ್ತಿಯಾಗಿ ಓದಿ, ಕಾರಣಗಳೊಡನೆ ಅಭಿಪ್ರಾಯವನ್ನು ಬರೆದು ಸಹಿ ಮಾಡಲಿ; ಅದು ಅಭ್ಯರ್ಥಿಯ ಕೈಗೆ ಸಿಕ್ಕಿ, ಅವನಿಗೆ ಉತ್ತರ ಹೇಳುವ ಅವಕಾಶವಿರಲಿ. ಸಂಖ್ಯೆಯು ತೀರ ಕೆಳಗಿನ ಮಿತಿಯಾಗಿ ಉಳಿಯಬಹುದು. ಗ್ರಂಥಸಂಪಾದನೆ, ನಿಘಂಟು, ಶಾಸನಪಾಠಗಳನ್ನು ‘ಸಂಪಾದನೆ’ ಎಂಬ ಸಾಮಾನ್ಯಪದದಿಂದ ಬಿಡಿಸಿ, ಸ್ವತಂತ್ರ ಗ್ರಂಥಕ್ಕೆ ಸಮಾನವೆಂದಾದರೂ ಎಣಿಸಬೇಕು.

೨೦೨೫ರ ಜನವರಿಯಲ್ಲಿ ಆಯೋಗವು ಹೊರಡಿಸಿದ ಕರಡು ನಿಯಮಾವಳಿಯು ಅಂಕಕೋಷ್ಟಕವನ್ನು ಕೈಬಿಟ್ಟು, ಒಂಬತ್ತು ಬಗೆಯ ಗಮನಾರ್ಹ ಕೊಡುಗೆಗಳಲ್ಲಿ ನಾಲ್ಕನ್ನು ಅಪೇಕ್ಷಿಸಿತು. ಭಾರತೀಯ ಭಾಷೆಗಳಲ್ಲಿ ಬೋಧಿಸುವುದೂ ಅವುಗಳಲ್ಲೊಂದು. ಇದು ಸಂತೋಷದ ವಿಷಯ. ಆದರೆ ‘ಗಮನಾರ್ಹ’ವೆಂದು ಯಾರು, ಯಾವ ಹೇತುವಿನಿಂದ ನಿಶ್ಚಯಿಸುವರೆಂಬುದನ್ನು ಬರೆದಿಡಬೇಕೆಂಬ ಕಟ್ಟುಪಾಡಿಲ್ಲದೆ ಅಂಕವನ್ನು ತೆಗೆದರೆ, ಪೂರ್ವಪಕ್ಷಿಯು ಹೇಳಿದ ಹಳೆಯ ರೋಗವು ಮರಳಿ ಬರುವುದು. ಕನ್ನಡ, ಸಂಸ್ಕೃತ ವಿಭಾಗಗಳ ಅಧ್ಯಾಪಕರು ಸೇರಿ, ಓಲೆಯ ಗ್ರಂಥವೊಂದರ ಶುದ್ಧಪಾಠಕ್ಕೆ ಎಂತಹ ಪರಿಶ್ರಮ ಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬ ಜ್ಞಾಪಕಪತ್ರವನ್ನು ಸಿದ್ಧಪಡಿಸಿ ಆಯೋಗಕ್ಕೂ ವಿಶ್ವವಿದ್ಯಾನಿಲಯಗಳಿಗೂ ಕಳುಹಿಸುವುದು ಈಗಿನ ಕರ್ತವ್ಯವೆಂದು ತಿಳಿಯುತ್ತೇನೆ. ಮೇಲೆ ಹೇಳಿದ ಹಾಳೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ನಾನು ಆ ಪತ್ರದ ಮೊದಲ ಕರಡನ್ನು ಬರೆದುಕೊಡಲು ಸಿದ್ಧನಿರುವೆನು. ಈ ವಿಚಾರದಲ್ಲಿ ದೋಷಗಳಿದ್ದರೆ ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥನೆ.