ಇಂಡೊನೇಷ್ಯನ್ ಉಚ್ಚಾರ: ನಾಲಿಗೆಯ ತಪ್ಪೂ ಕಾಗುಣಿತದ ತಪ್ಪೂ

ಇಂಡೊನೇಷ್ಯನ್ ಭಾಷೆಯನ್ನು ವಿದೇಶಿಯರಿಗೆ ಪರಿಚಯಿಸುವಾಗ ‘ಬರೆದಂತೆ ಓದಿದರಾಯಿತು’ ಎಂಬ ಭರವಸೆ ಸಾಮಾನ್ಯ. ಕಲಿಯುವವರ ಉಚ್ಚಾರದೋಷಗಳಲ್ಲಿ ಹಲವಕ್ಕೆ ಈ ಅರೆಸತ್ಯವೇ ಮೂಲ.

ರೋಮನ್ ಲಿಪಿಯ ಐದನೆಯ ಅಕ್ಷರ ಅಲ್ಲಿ ಎ-ಕಾರವೂ ಹೌದು, ‘ಪೆಪೆತ್’ ಎನ್ನಿಸಿಕೊಂಡ, ಮೊಟಕಾದ ಅ-ಕಾರದಂತೆ ಕೇಳುವ ಸ್ವರವೂ ಹೌದು. ‘ಆಪೆಲ್’ ಎಂಬ ಪದ ಪೆಪೆತ್ ಬಂದರೆ ಸೇಬು, ಎ-ಕಾರ ಬಂದರೆ ಹಾಜರಿಗೆ ಸಾಲುಗಟ್ಟುವುದು. ‘ತೆರಾಸ್’ ಎ-ಕಾರದಲ್ಲಿ ಜಗಲಿ, ಪೆಪೆತ್‌ನಲ್ಲಿ ಮರದ ತಿರುಳು. ಯಾವುದು ಎಲ್ಲಿ ಎಂದು ಬರಹ ಹೇಳುವುದಿಲ್ಲ, ಪದದೊಂದಿಗೇ ಕಲಿಯಬೇಕು.

ಪದಾಂತ್ಯದ ಕ-ಕಾರದ ಕಥೆಯೂ ಇಂಥದೇ. ಗಂಟಲಲ್ಲಿ ಉಸಿರು ತಟ್ಟನೆ ನಿಲ್ಲುವುದನ್ನು ಸೂಚಿಸುತ್ತಿದ್ದ ಚಿಹ್ನೆಯ ಜಾಗಕ್ಕೆ 1947ರ ಸುಧಾರಣೆ ಕ-ಕಾರದ ಅಕ್ಷರವನ್ನು ತಂದಿತು. ಹೊರಗಿನವರು ‘ತಿದಾಕ್’ (ಇಲ್ಲ) ಪದವನ್ನು ಗಟ್ಟಿಯಾದ ‘ಕ್’ನಿಂದ ಮುಗಿಸುತ್ತಾರೆ. 1972ರಲ್ಲಿ ಡಚ್ ಮಾದರಿಯ ‘ಟಿ-ಜೆ’ ಜೋಡಿ ಹೋಗಿ ‘ಸಿ’ ಅಕ್ಷರವೇ ಚ-ಕಾರವಾಯಿತು. ಇಂಗ್ಲಿಷ್ ಅಭ್ಯಾಸದವರು ‘ಚಾರಿ’ (ಹುಡುಕು) ಎಂಬುದನ್ನು ‘ಕಾರಿ’ ಎಂದು ಓದಿದರೆ ಅದು ಮಸಾಲೆಯ ಪದಾರ್ಥವಾಗುತ್ತದೆ. ಊಟದ ಹೋಟೆಲಿನಲ್ಲಾದರೆ ದೊಡ್ಡ ನಷ್ಟವೇನಿಲ್ಲ.

ನಿಜಕ್ಕೂ ತಾಯ್ನುಡಿಯಿಂದ ಬರುವ ತಪ್ಪುಗಳು ಬೇರೆ. ರ-ಲ ಭೇದವಿಲ್ಲದ ಜಪಾನಿಯರಿಗೆ ‘ಬೆಲಿ’ (ಕೊಳ್ಳು), ‘ಬೆರಿ’ (ಕೊಡು) ಒಂದಾಗುತ್ತವೆ. ಪ-ಕಾರವಿಲ್ಲದ ಅರಬ್ಬಿ ಭಾಷಿಕರ ಬಾಯಲ್ಲಿ ‘ಪಾಗಿ’ (ಬೆಳಗು) ‘ಬಾಗಿ’ (ಹಂಚು) ಆಗಬಹುದು. ಇಂಗ್ಲಿಷಿನವರು ಪದದ ಮೊದಲ ಪ, ತ, ಕಗಳಿಗೆ ಉಸಿರು ತುಂಬುತ್ತಾರೆ. ಅಲ್ಪಪ್ರಾಣ ಬಲ್ಲ ಕನ್ನಡಿಗರಿಗೆ ಆ ಕಷ್ಟವಿಲ್ಲ. ಅವರು ಎಡವುವುದು ಙ-ಕಾರದಲ್ಲಿ: ವರ್ಣಮಾಲೆಯಲ್ಲಿ ಅಕ್ಷರವಿದ್ದರೂ ಆಡುವಾಗ ‘ಮಂಗ’ದಂತೆ ಗ-ಕಾರ ಅಂಟಿಯೇ ಬರುತ್ತದೆ. ‘ತಾಙಾನ್’ (ಕೈ) ಎಂಬಲ್ಲಿ ಗ-ಕಾರವಿಲ್ಲ, ‘ತಾಂಗಾ’ (ಏಣಿ) ಎಂಬಲ್ಲಿ ಇದೆ.

ಎಲ್ಲ ದೋಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬೋಧನಾಕ್ರಮ ಇಲ್ಲಿ ಸೋಲುತ್ತದೆ. ದೇಶದೊಳಗೇ ಏಳುನೂರಕ್ಕೂ ಹೆಚ್ಚು ಭಾಷೆಗಳಿವೆ. ಬಾತಕ್ ಜನ ಪೆಪೆತ್ ಇರಬೇಕಾದಲ್ಲಿ ಎ-ಕಾರ ನುಡಿಯುತ್ತಾರೆ, ಸುಂದಾ ಜನರಲ್ಲಿ ಫ-ಕಾರ ಪ-ಕಾರವಾಗುತ್ತದೆ. ಅದು ಊರಿನ ಗುರುತು. ವಿದೇಶಿಯರ ಬಾಯಲ್ಲಿ ಮಾತ್ರ ತಪ್ಪೆಂದರೆ ನ್ಯಾಯವಲ್ಲ. ಅರ್ಥ ಕೆಡಿಸುವ ರ-ಲ, ಪ-ಬ ಗೊಂದಲಗಳನ್ನು ಮೊದಲು ತಿದ್ದಬೇಕು. ಉಸಿರು ತುಂಬಿದ ತ-ಕಾರ ಕಾಯಬಹುದು. ಪೆಪೆತ್ ವಿಷಯದಲ್ಲಿ ಹೊಣೆ ಪಠ್ಯದ್ದು: ಅಧಿಕೃತ ನಿಘಂಟು ಎ-ಕಾರವನ್ನು ಚಿಹ್ನೆಯಿಂದ ಬೇರ್ಪಡಿಸುತ್ತದೆ, ಮೊದಲ ಪಾಠಗಳಲ್ಲೂ ಅದೇ ಚಿಹ್ನೆ ಹಾಕಲು ಅಡ್ಡಿಯಿಲ್ಲ.