ಬೆಳಕು ಬಂದದ್ದು ಯಾರಿಗೆ?

ಊರಿನ ತೊಟ್ಟಿಮನೆಯಲ್ಲಿ ನಡುವೆ ಆಕಾಶ, ಸುತ್ತ ಕೋಣೆಗಳೆಲ್ಲ ಕತ್ತಲು. ಹೋದ ವರ್ಷ ರಿನೋವೇಷನ್ ಮಾಡಿಸಿದ್ವಿ. ತೊಟ್ಟಿಯ ಮೇಲೆ ಗಾಜಿನ ಛಾವಣಿ, ಮುಂದಿನ ಗೋಡೆ ಒಡೆದು ದೊಡ್ಡ ಕಿಟಕಿ. ಫೋಟೋ ಏನೋ ಚೆನ್ನಾಗಿ ಬಂತು. ಮಾರ್ಚ್ ಬಂದಾಗ ಬುದ್ಧಿ ಬಂತು. ತೊಟ್ಟಿ ಇದ್ದದ್ದು ಬರೀ ಬೆಳಕಿಗಲ್ಲ, ಬಿಸಿ ಗಾಳಿ ಮೇಲೇರಿ ಹೊರಗೆ ಹೋಗ್ತಿದ್ದದ್ದೂ ಅಲ್ಲಿಂದಲೇ. ಈಗ ನಡುಮನೆಯಲ್ಲಿ ಪರದೆ ಎಳೆದು, ಫ್ಯಾನ್ ಹಾಕಿ ಕೂರ್ತೀವಿ.

ನನ್ನ ತಕರಾರು ಅದಲ್ಲ. ಅಮ್ಮ ಮೂವತ್ತು ವರ್ಷ ಅಕ್ಕಿ ಆರಿಸಿದ ಅಡುಗೆಮನೆ ನಮ್ಮ ಪ್ಲಾನ್‌ನಲ್ಲೇ ಇರಲಿಲ್ಲ. ಅಲ್ಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್. ಇಂಟೀರಿಯರ್ ಮ್ಯಾಗಜೀನ್‌ಗಳಲ್ಲೂ ಬೆಳಕು ಅಂದ್ರೆ ಸೋಫಾ ಮೇಲೆ ಬೀಳೋ ಬಿಸಿಲು. ಮನೆಯೊಳಗೆ ಹಗಲೆಲ್ಲ ಕೆಲಸ ಮಾಡೋರು ಯಾರು, ಎಲ್ಲಿ ಅಂತ ಯಾರೂ ಕೇಳಲ್ಲ. ನಾನೂ ಕೇಳಲಿಲ್ಲ.

ಉಪಾಯ ಹಳೇದೇ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಆ ಮಂಗಳೂರು ಹೆಂಚಿನ ಅಳತೆಗೇ ಗಾಜಿನ ಹೆಂಚು ಸಿಗುತ್ತೆ. ಮಣ್ಣಿನದು ತೆಗೆದು ಅದನ್ನ ಕೂರಿಸಿದರಾಯ್ತು, ಗೋಡೆ ಮುಟ್ಟೋ ಹಾಗಿಲ್ಲ. ಆಗಾಗ ಮಸಿ, ಪಾಚಿ ಒರೆಸಬೇಕು, ಅಷ್ಟೇ.

ಕಳೆದ ತಿಂಗಳು ಎರಡು ಹಾಕಿಸಿದೆ. ಅಮ್ಮ ಮೊರ ಹಿಡಿದು ಅದರ ಕೆಳಗೇ ಕೂತಳು. "ಇಷ್ಟು ಸುಲಭ ಇತ್ತೇನೋ?" ಅಂದಳು. ಬೈದಿದ್ರೆ ವಾಸಿಯಿತ್ತು.